ಮಳವಳ್ಳಿಯಿಂದ ಅಕ್ಕನಿಗೆ

ಮಳವಳ್ಳಿ,
ಶನಿವಾರ ರಾತ್ರಿ

ಪ್ರೀತಿಯ ಅಕ್ಕ,

ನಾನು ಹೊರಡುವ ಹಿಂದಿನ ದಿನ ಫೋನಿನಲ್ಲಿ ನೀನು ಕೇಳಿದ ಮಾತು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಇತ್ತು. "ತುಟಿ ಸುತ್ತ ಜುಮುಜುಮು ಅಂದಾಗ ಇನ್ನೊಂದು ಕ್ಯಾಪ್ಸೂಲ್ ತಗೊಂಡ್ರೆ ಏನಾಗುತ್ತೆ, ವಿಟಮಿನ್ ತಾನೆ?" ಅಂದೆಯಲ್ಲ. ಹಾಗೆ ಮಾಡಬೇಡ ಅಕ್ಕ. ಯಾಕೆ ಅಂತ ವಿವರವಾಗಿ ಬರೆಯುತ್ತೇನೆ. ಇಲ್ಲಿ ಅತ್ತೆಗೂ ನಿನ್ನ ಹಾಗೇ ಥೈರಾಯ್ಡ್ ಆಪರೇಷನ್ ಆದಮೇಲೆ ಕ್ಯಾಲ್ಸಿಯಂ ಇಳಿದು, ಅದೇ ಕ್ಯಾಲ್ಸಿಟ್ರಯಾಲ್ ನಡೆಯುತ್ತಿದೆ.

ಇಲ್ಲಿಗೆ ಬರುವ ದಾರಿಯಲ್ಲಿ ಮೊದಲು ಮಂಡ್ಯದಲ್ಲಿ ಇಳಿದು ವಿ.ಸಿ. ಫಾರ್ಮ್ ನೋಡಿಕೊಂಡು ಬಂದೆ. 'ರಾಗಿ ಲಕ್ಷ್ಮಣಯ್ಯ'ನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ರೂಪಿಸಿದ ಜಾಗ ಅದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಇಷ್ಟು ಮುದ್ದೆ ಉಂಡ ಅತ್ತೆಗೆ ಕ್ಯಾಲ್ಸಿಯಂ ಹೇಗೆ ಕಡಿಮೆಯಾಯಿತು ಎಂದು ಮನೆಯವರಿಗೆಲ್ಲ ಆಶ್ಚರ್ಯ. ತಟ್ಟೆಯಲ್ಲಿದ್ದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಥೈರಾಯ್ಡಿನ ಬೆನ್ನಿಗೆ ಅಕ್ಕಿಕಾಳಿನಷ್ಟು ಚಿಕ್ಕ ಪ್ಯಾರಾಥೈರಾಯ್ಡ್ ಗ್ರಂಥಿಗಳು ಇರುತ್ತವೆ, ಸಾಮಾನ್ಯವಾಗಿ ನಾಲ್ಕು. ಅವುಗಳ ಹಾರ್ಮೋನು ಸಿಕ್ಕರೆ ಮಾತ್ರ ಮೂತ್ರಪಿಂಡ ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತಿರುಗಿಸುತ್ತದೆ. ಆ ರೂಪ ಇದ್ದರೇನೇ ಕರುಳು ಕ್ಯಾಲ್ಸಿಯಂ ಅನ್ನು ಚೆನ್ನಾಗಿ ಹೀರಿಕೊಳ್ಳುವುದು. ನಾಲೆ ತುಂಬಾ ನೀರಿದ್ದರೂ ತೂಬು ಎತ್ತದೆ ಗದ್ದೆಗೆ ಹರಿಯುತ್ತದೆಯೇ? ಆಪರೇಷನ್ನಿನಲ್ಲಿ ಆ ಗ್ರಂಥಿಗಳಿಗೆ ಪೆಟ್ಟಾದವರಿಗೆ, ತಯಾರಾದ ರೂಪವನ್ನೇ ಕ್ಯಾಪ್ಸೂಲಿನಲ್ಲಿ ಕೊಡುತ್ತಾರೆ. ಅದೇ ಕ್ಯಾಲ್ಸಿಟ್ರಯಾಲ್.

ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ವಡೆ ತಿಂದು, ತಲೆನೋವಿನ ಮಾತ್ರೆಗೆಂದು ಒಂದು ಮೆಡಿಕಲ್ ಶಾಪಿಗೆ ಹೋದೆ. ಅಲ್ಲೊಬ್ಬ ಅಜ್ಜಿ ಪಕ್ಕದ ಮನೆಯವರ ಖಾಲಿ ಪೊಟ್ಟಣ ಹಿಡಿದುಕೊಂಡು, "ಇದೇ ಕೊಡಪ್ಪ, ಮಂಡಿನೋವು" ಅನ್ನುತ್ತಿದ್ದರು. ವಾರಕ್ಕೊಮ್ಮೆ ಹಾಲಿಗೆ ಹಾಕಿ ಕುಡಿಯುವ 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿ ಅದು. ಅಂಗಡಿ ಹುಡುಗ, "ನಿಮ್ ಹೆಸರಿನ ಚೀಟಿ ತನ್ನಿ ಅಜ್ಜಿ, ಇದನ್ನ ಸುಮ್‌ಸುಮ್ನೆ ಕೊಡಂಗಿಲ್ಲ" ಅಂತ ವಾಪಸ್ ಕಳಿಸಿದ. ಅವನಿಗೆ ಕೈ ಮುಗಿಯಬೇಕು ಅನ್ನಿಸಿತು. ಆ ಒಂದು ಪೊಟ್ಟಣ ಅಂದರೆ 1,500 ಮೈಕ್ರೊಗ್ರಾಂ. ನಿನ್ನ ಕ್ಯಾಪ್ಸೂಲ್ ಕಾಲು ಮೈಕ್ರೊಗ್ರಾಂ, 0.25. ಅಷ್ಟು ಚಿಕ್ಕದು ಕೆಲವೇ ಗಂಟೆಗಳಲ್ಲಿ ಕೆಲಸ ಶುರು ಮಾಡುತ್ತದೆ ಅಂದರೆ ಅದರ ಬಲ ಎಷ್ಟಿರಬೇಕು ಯೋಚಿಸು. ಪುಡಿಯದು ಬೇರೆ ಸ್ವಭಾವ: ಕೊಬ್ಬಿನಲ್ಲಿ ಸೇರಿಕೊಂಡು, ಜಾಸ್ತಿಯಾದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಇಳಿಯುವುದಿಲ್ಲ. ವಾರಕ್ಕೊಂದು ಎಂದು ಬರೆದದ್ದನ್ನು ದಿನಕ್ಕೊಂದು ನುಂಗಿ ಆಸ್ಪತ್ರೆ ಸೇರಿದವರಿದ್ದಾರೆ. ಡಾಕ್ಟರು ಲೆಕ್ಕ ಹಾಕಿ ಎರಡನ್ನೂ ಬರೆದರೆ ಸರಿ. ಯಾರೋ ಒಳ್ಳೆಯದಾಯಿತು ಅಂದರು ಎಂದು ಒಂದರ ಮೇಲೊಂದು ಸೇರಿಸಬೇಡ.

ಅತ್ತೆಯ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನದಿನದ ಮಾತ್ರೆಗೆ ಗೀಟು ಎಳೆದಿದೆ. ಥೈರಾಯ್ಡ್ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಗೆ. ಕ್ಯಾಲ್ಸಿಯಂ ಮಾತ್ರೆ ಅದಕ್ಕಿಂತ ನಾಲ್ಕು ಗಂಟೆ ಬಿಟ್ಟು, ಊಟದ ಜೊತೆ; ಹತ್ತಿರ ಹತ್ತಿರ ತೆಗೆದುಕೊಂಡರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗುವ ಹಾಗಿಲ್ಲ. "ಮೊದ್ಲು ನಾನೂ ನಿಮ್ಮಕ್ಕನಂಗೇ ಕನವ್ವ, ಜುಮ್ ಅಂದ್ರೆ ಇನ್ನೊಂದು ನುಂಗ್ಬುಡ್ತಿದ್ದೆ" ಅಂದರು ಅತ್ತೆ. ಆಮೇಲೆ ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ಅನ್ನ ಕಂಡರೆ ವಾಕರಿಕೆ. ಬಿಸಿಲಿನ ದಣಿವು ಅಂದುಕೊಂಡಿದ್ದರಂತೆ; ರಕ್ತಪರೀಕ್ಷೆ ಮಾಡಿಸಿದಾಗ ಕ್ಯಾಲ್ಸಿಯಂ ಏರಿತ್ತು. ಅದು ಇನ್ನೂ ಏರಿದರೆ ಬುದ್ಧಿ ಮಂಕಾಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು.

ಅವತ್ತು ಡಾಕ್ಟರು ಕೇಳಿದ ಇನ್ನೊಂದು ಪ್ರಶ್ನೆ ನನಗೆ ಬಹಳ ಹಿಡಿಸಿತು: "ಎಲೆ ಅಡಿಕೆ ಹಾಕ್ತೀರಾ?" ಎಲೆಗೆ ಸವರುವ ಸುಣ್ಣವೂ ಕ್ಯಾಲ್ಸಿಯಮ್ಮೇ. ದಿನಕ್ಕೆ ಹತ್ತಾರು ಸಲ ಹಾಕುವವರಿಗೆ ಮಾತ್ರೆಯ ಜೊತೆ ಅದೂ ಲೆಕ್ಕಕ್ಕೆ ಸೇರುತ್ತದೆ. ಚೀಟಿಯಲ್ಲಿ ಇಲ್ಲದ್ದನ್ನೂ ಡಾಕ್ಟರ ಮುಂದೆ ಹೇಳಲೇಬೇಕು ಅಕ್ಕ. ಅಸಿಡಿಟಿಗೆ ನೀನಾಗಿಯೇ ತರಿಸಿಕೊಳ್ಳುವ ಮಾತ್ರೆ, ಪೇಟೆಯ ಶಕ್ತಿಪುಡಿ, ಎಲ್ಲ.

ಇನ್ನು ನಿನ್ನ ರಿಪೋರ್ಟಿನ ವಿಷಯ. ಕ್ಯಾಲ್ಸಿಯಂ ಇನ್ನೂ ಅಂಚಿನಲ್ಲೇ ಇದೆ, ಡಾಕ್ಟರು ಡೋಸ್ ಏರಿಸುತ್ತಿಲ್ಲ ಎಂದು ಬೇಸರಪಟ್ಟಿದ್ದೆ. ಅವರು ಬೇಕೆಂದೇ ಹಾಗೆ ಇಟ್ಟಿರುತ್ತಾರೆ. ಪ್ಯಾರಾಥೈರಾಯ್ಡ್ ಹಾರ್ಮೋನು ಇಲ್ಲದವರಲ್ಲಿ ಕ್ಯಾಲ್ಸಿಯಂ ಮೂತ್ರದಲ್ಲಿ ಸೋರಿಹೋಗುತ್ತದೆ. ರಕ್ತದಲ್ಲಿ ಮಟ್ಟ ಹೆಚ್ಚಿಸಿದಷ್ಟೂ ಸೋರಿಕೆ ಹೆಚ್ಚಿ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಬಹುದು. ಅದಕ್ಕೇ ಮಾಮೂಲಿ ಮಟ್ಟದ ಕೆಳ ಅಂಚಿನಲ್ಲಿ ನಿಲ್ಲಿಸುವುದು. ಕ್ಯಾಲ್ಸಿಯಂ ಜೊತೆಗೆ ರಂಜಕ, ಮೆಗ್ನೀಷಿಯಂ, ಕ್ರಿಯಾಟಿನಿನ್, ಆಗಾಗ ಇಡೀ ದಿನದ ಮೂತ್ರ ನೋಡುವುದು ಇದಕ್ಕೇ. ಚೆನ್ನಾಗಿದ್ದೇನೆ ಎಂದು ಆ ತಪಾಸಣೆ ತಪ್ಪಿಸಬೇಡ.

ಹಾಗಂತ ಜುಮುಜುಮು ಬಂದರೆ ಸುಮ್ಮನೆ ಕೂರುವುದೂ ಅಲ್ಲ. ಅವತ್ತೇ ಡಾಕ್ಟರಿಗೆ ಫೋನ್ ಮಾಡು. ಅಂಥ ಹೊತ್ತಿನಲ್ಲಿ ಯಾವ ಮಾತ್ರೆ, ಎಷ್ಟು ಎಂದು ಅವರ ಕೈಯಲ್ಲೇ ಮೊದಲೇ ಬರೆಸಿಟ್ಟುಕೊ. ಕೈಬೆರಳು ಸೆಟೆದುಕೊಂಡರೆ, ಗಂಟಲು ಬಿಗಿದರೆ, ಫಿಟ್ಸ್ ಬಂದರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಭಾವನಿಗೂ ಇದನ್ನು ಓದಿ ಹೇಳು. ವಾಂತಿಭೇದಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೂ ತಡಮಾಡದೆ ತಿಳಿಸಬೇಕು.

ಸೋಮವಾರ ಇಲ್ಲಿಂದ ಶಿವನಸಮುದ್ರ ನೋಡಿಕೊಂಡು, ಬುಧವಾರ ನಿನ್ನಲ್ಲಿಗೆ ಬರುತ್ತೇನೆ. ಅಷ್ಟರಲ್ಲಿ ಒಂದು ಕೆಲಸ ಮಾಡು. ಹೋದ ತಿಂಗಳು ಬಿಪಿಗೆಂದು ಬೇರೆ ಡಾಕ್ಟರು ಹೊಸ ಮಾತ್ರೆ ಕೊಟ್ಟರು ಅಂದಿದ್ದೆಯಲ್ಲ. ಬಿಪಿಯ ಕೆಲವು ನೀರಿನ ಮಾತ್ರೆಗಳು ಮೂತ್ರದಲ್ಲಿ ಹೋಗಬೇಕಾದ ಕ್ಯಾಲ್ಸಿಯಂ ಅನ್ನು ತಡೆದು ರಕ್ತದಲ್ಲಿ ಏರಿಸುತ್ತವೆ. ಹಾಗಂತ ನೀನಾಗಿಯೇ ನಿಲ್ಲಿಸಬೇಡ. ಅದರ ಪಟ್ಟಿಯ ಫೋಟೋ ತೆಗೆದು ನಾಳೆಯೇ ನಿನ್ನ ಥೈರಾಯ್ಡ್ ಡಾಕ್ಟರಿಗೆ ಕಳಿಸಿ ಕೇಳು. ನನಗೂ ಒಂದು ಕಳಿಸು.

ನಿನ್ನ ತಂಗಿ