ಆಸ್ಕರ್ ಗೆದ್ದ, ಹೆಸರು ಮಾತ್ರ ಬೇರೆ!

ಸಿನಿಮಾ ಶುರುವಾದಾಗ ಪರದೆ ಮೇಲೆ ಹೆಸರುಗಳು ಓಡುತ್ತವಲ್ಲ, ಆಗ ನೀವೇನು ಮಾಡ್ತೀರಿ? ನಾಯಕನ ಹೆಸರಿಗೆ ಶಿಳ್ಳೆ, ನಾಯಕಿ ಹೆಸರಿಗೆ ಇನ್ನೊಂದು ಶಿಳ್ಳೆ. 'ಸಾಹಿತ್ಯ', 'ಸಂಗೀತ' ಬರುವ ಹೊತ್ತಿಗೆ ಕಡಲೆಕಾಯಿ ಪೊಟ್ಟಣ ಬಿಚ್ಚುತ್ತಾ ಕೂತಿರ್ತೀರಿ. ನಾನು ಮಾತ್ರ ಆ ಸಣ್ಣ ಅಕ್ಷರಗಳನ್ನೇ ಹುಡುಕಿ ಓದುವ ಆಸಾಮಿ. ಯಾಕೆಂದರೆ ಹೆಸರಿಗಾಗಿ ಹೊಟ್ಟೆ ಉರಿಸಿಕೊಂಡು ಒಬ್ಬ ಒಳ್ಳೆ ಗೆಳೆಯನನ್ನೇ ಕಳಕೊಂಡಿದ್ದವನು ನಾನು.

ದಾವಣಗೆರೆಯಲ್ಲಿ ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ನಾನು ಗಿಟಾರ್, ಗೆಳೆಯ ಹಾಡುಗಾರ. ಗಣೇಶನ ಹಬ್ಬ ಬಂತೆಂದರೆ ಹದಿನೈದು ದಿನ ಮನೆ ಊಟವೇ ಇಲ್ಲ! ರಾಜನ್-ನಾಗೇಂದ್ರ ಅವರ ಹಾಡು ಹಿಡಿದರೆ ಪೆಂಡಾಲೇ ತೂಗುತ್ತಿತ್ತು. ನಡುನಡುವೆ ನಾನೇ ಬರೆದು ರಾಗ ಹಾಕಿದ ಒಂದೆರಡು ಹಾಡನ್ನೂ ಅವನು ಹಾಡುತ್ತಿದ್ದ. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಯಾರಿಗೆ? ಅವನಿಗೆ!

ಆ ದಿನಗಳಲ್ಲೇ ಬೆಂಗಳೂರಿನಿಂದ ಯಾರೋ ತಂದ ಒಂದು ಕ್ಯಾಸೆಟ್ ನನ್ನ ಕೈಗೆ ಬಂತು. ಬ್ರೆಡ್ ಅನ್ನುವ ಅಮೆರಿಕದ ತಂಡದ್ದು. ರಾಕ್ ಅಂದರೆ ಕಿವಿ ಹರಿಯುವ ಗದ್ದಲ ಅಂದುಕೊಂಡಿದ್ದ ನನಗೆ ಅಚ್ಚರಿ. ಇದು 'ಸಾಫ್ಟ್ ರಾಕ್' ಅಂತೆ. ಗಿಟಾರ್ ಕಿರುಚುವುದಿಲ್ಲ, ಪಕ್ಕದಲ್ಲಿ ಕೂತು ಮಾತಾಡುತ್ತದೆ. ಎರಡು ಮೂರು ದನಿಗಳು ಮೆಲ್ಲಗೆ ಒಂದರ ಮೇಲೊಂದು ಕೂಡುತ್ತವೆ. ರಾತ್ರಿಯೆಲ್ಲಾ ರಿವೈಂಡ್ ಮಾಡಿ ಮಾಡಿ ಆ ಗಿಟಾರ್ ಕಲಿತೆ.

ಕ್ಯಾಸೆಟ್ಟಿನ ಕಾಗದ ತೆಗೆದು ಓದಿದೆ. ಹಾಡುಗಳ ಮುಂದೆ ಗೇಟ್ಸ್, ಗೇಟ್ಸ್, ಗೇಟ್ಸ್... ಡೇವಿಡ್ ಗೇಟ್ಸ್. ಅಲ್ಲೊಂದು ಇಲ್ಲೊಂದು ಕಡೆ ಮಾತ್ರ 'ಗ್ರಿಫಿನ್'. ಯಾರಪ್ಪಾ ಇವನು? ನನ್ನ ಹಾಗೆ ಪಕ್ಕದಲ್ಲಿ ನಿಲ್ಲುವವನೇ ಇರಬೇಕು ಅನ್ನಿಸಿತು. ಅವತ್ತಿನಿಂದ ಅವನ ಹಿಂದೆ ಬಿದ್ದೆ. ಎಷ್ಟೋ ವರ್ಷ ಕಳೆದ ಮೇಲೆ ಅವನ ಕಥೆ ಪೂರ್ತಿ ಸಿಕ್ಕಿತು. ಕೇಳಿ.

ಜಿಮ್ಮಿ ಗ್ರಿಫಿನ್ ಹುಟ್ಟಿದ್ದು 1943ರ ಆಗಸ್ಟ್ 10ರಂದು, ಸಿನ್ಸಿನಾಟಿಯಲ್ಲಿ. ಬೆಳೆದದ್ದು ಮೆಂಫಿಸ್‌ನಲ್ಲಿ. ನೆರೆಮನೆಯವರು ಯಾರು ಗೊತ್ತೇ? ರಾಕ್ ಅಂಡ್ ರೋಲ್ ಹಾಡುಗಾರರಾದ ಜಾನಿ ಮತ್ತು ಡಾರ್ಸಿ ಬರ್ನೆಟ್ ಸೋದರರು. ಅವರು ಲಾಸ್ ಏಂಜಲೀಸ್‌ಗೆ ಹೋದರು, ಹುಡುಗನೂ ಗಿಟಾರ್ ಹೆಗಲಿಗೇರಿಸಿ ಹಿಂದೆಯೇ ಹೊರಟ. ಫ್ರಾಂಕ್ ಸಿನಾತ್ರಾ ಕಟ್ಟಿದ ರಿಪ್ರೈಸ್ ಕಂಪನಿಯಲ್ಲಿ 1963ರಲ್ಲಿ ಅವನ ಮೊದಲ ಎಲ್ಪಿ ಬಂತು. ಸಿನಿಮಾದಲ್ಲೂ ಮುಖ ತೋರಿಸಿದ. ಸಿನಾತ್ರಾ ನಿರ್ದೇಶಿಸಿದ 1965ರ 'ನನ್ ಬಟ್ ದಿ ಬ್ರೇವ್' ಯುದ್ಧದ ಚಿತ್ರದಲ್ಲಿ ಒಂದು ಸಣ್ಣ ಪಾತ್ರ. ಆದರೆ ನಟನಾಗಿ ಮೇಲೆ ಬರಲಿಲ್ಲ.

1968ರಲ್ಲಿ ಗ್ರಿಫಿನ್, ಅವನ ಜೊತೆ ಹಾಡು ಬರೆಯುತ್ತಿದ್ದ ರಾಬ್ ರಾಯರ್ ಮತ್ತು ಡೇವಿಡ್ ಗೇಟ್ಸ್ ಸೇರಿ ತಂಡ ಕಟ್ಟಿದರು. ಹೆಸರು ಹುಡುಕುತ್ತಿದ್ದಾಗ ಎದುರಿಗೆ ಬ್ರೆಡ್ ಸಾಗಿಸುವ ಗಾಡಿ ಕಂಡಿತಂತೆ. ಸರಿ, 'ಬ್ರೆಡ್' ಅಂತಲೇ ಇಟ್ಟುಬಿಟ್ಟರು! 1970ರ ಆಗಸ್ಟ್‌ನಲ್ಲಿ 'ಮೇಕ್ ಇಟ್ ವಿತ್ ಯು' ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಆಮೇಲೆ 'ಇಫ್', 'ಬೇಬಿ ಐಮ್-ಎ ವಾಂಟ್ ಯು', 'ಎವ್ವೆರಿಥಿಂಗ್ ಐ ಓನ್'. ಒಂದರ ಹಿಂದೊಂದು ಗೆಲುವು. ಎಲ್ಲ ಗೇಟ್ಸ್ ಬರೆದವೇ, ಗೇಟ್ಸ್ ಹಾಡಿದವೇ.

ಎಲ್ಪಿಯಲ್ಲಿ ಇಬ್ಬರ ಹಾಡೂ ಇರುತ್ತಿದ್ದವು. ಆದರೆ ಬಿಡಿ ತಟ್ಟೆ ಹೊರಡಿಸುವಾಗ ಕಂಪನಿ ಮುಂದಿನ ಮಗ್ಗುಲಿಗೆ ಆರಿಸುತ್ತಿದ್ದುದು ಗೇಟ್ಸ್ ಹಾಡನ್ನೇ. ರೇಡಿಯೋದವರು ಹಾಕುವುದು ಆ ಮಗ್ಗುಲನ್ನೇ ತಾನೇ? ಅದರಲ್ಲೂ ಸಮಪಾಲು ಬೇಕು ಅಂತ ಗ್ರಿಫಿನ್ ವಾದ. ಕಂಪನಿಗೆ ಗೆಲ್ಲುವ ಕುದುರೆ ಬೇಕು. ಮನಸ್ತಾಪ ಮೊಳೆತದ್ದು ಅಲ್ಲಿ.

ಈಗ ನೋಡಿ ತಮಾಷೆ. ಅದೇ 1970ರಲ್ಲಿ 'ಲವರ್ಸ್ ಅಂಡ್ ಅದರ್ ಸ್ಟ್ರೇಂಜರ್ಸ್' ಅನ್ನುವ ಮದುವೆಮನೆಯ ಚಿತ್ರ ತೆರೆ ಕಂಡಿತು. ಅದರಲ್ಲೊಂದು ಹಾಡು, 'ಫಾರ್ ಆಲ್ ವಿ ನೋ'. ರಾಗ ಫ್ರೆಡ್ ಕಾರ್ಲಿನ್. ಸಾಹಿತ್ಯ ಗ್ರಿಫಿನ್ ಮತ್ತು ರಾಯರ್. ಆದರೆ ಹೆಸರು ಹಾಕಿಸಿಕೊಂಡದ್ದು ಹೇಗೆ? ರಾಯರ್ 'ರಾಬ್ ವಿಲ್ಸನ್' ಆದ, ಗ್ರಿಫಿನ್ 'ಆರ್ಥರ್ ಜೇಮ್ಸ್' ಆದ! ಕಾರ್ಪೆಂಟರ್ಸ್ ಅಣ್ಣ-ತಂಗಿ ಅದನ್ನೇ ಹಾಡಿ 1971ರಲ್ಲಿ ಮೂರನೇ ಸ್ಥಾನಕ್ಕೆ ಒಯ್ದರು. ಆ ವರ್ಷ ಏಪ್ರಿಲ್‌ನಲ್ಲಿ ಅತ್ಯುತ್ತಮ ಚಿತ್ರಗೀತೆಯ ಆಸ್ಕರ್ ಅದಕ್ಕೇ ಬಂತು. ತನ್ನ ಹಾಡು ರೇಡಿಯೋದಲ್ಲಿ ಬರುತ್ತಿಲ್ಲ ಅಂತ ಕೊರಗಿದವನ ಸಾಹಿತ್ಯ ಮನೆಮನೆಯ ರೇಡಿಯೋದಲ್ಲಿ ಮೊಳಗಿತು. ದನಿ ಬೇರೆಯವರದು, ಹೆಸರೂ ಬೇರೆಯದು. ಹಣೆಬರಹ ಅಂದರೆ ಇದೇ ಅಲ್ಲವೇ?

1973ರಲ್ಲಿ ತಂಡ ಒಡೆಯಿತು. 1976ರಲ್ಲಿ ಮತ್ತೆ ಕೂಡಿ ಇನ್ನೊಂದು ಎಲ್ಪಿ ಮಾಡಿದರು. ಅದರ ಶೀರ್ಷಿಕೆ ಹಾಡೂ ಗೆದ್ದಿತು, ಅದೂ ಗೇಟ್ಸ್‌ದೇ. ಮತ್ತೆ ಬಿರುಕು. ಆಮೇಲೆ ಗ್ರಿಫಿನ್ ಇಲ್ಲದೆ ಗೇಟ್ಸ್ 'ಬ್ರೆಡ್' ಹೆಸರು ಹಾಕಿಕೊಂಡು ಕಾರ್ಯಕ್ರಮ ಕೊಟ್ಟಾಗ ವಿಷಯ ಕೋರ್ಟು ಹತ್ತಿತು. ಹೆಸರಿನಲ್ಲಿ ಗ್ರಿಫಿನ್ ಪಾಲೂ ಇತ್ತು. ವ್ಯಾಜ್ಯ ಮುಗಿಯುವ ತನಕ ಇಬ್ಬರೂ ಆ ಹೆಸರು ಬಳಸಕೂಡದು ಅಂತ ನ್ಯಾಯಾಧೀಶರ ಆಜ್ಞೆ. ಇತ್ಯರ್ಥ ಆದದ್ದು 1984ರಲ್ಲಿ. ಆಸ್ಕರ್ ಪಟ್ಟಿಯಲ್ಲಿ ಸ್ವಂತ ಹೆಸರನ್ನೇ ಬಿಟ್ಟುಕೊಟ್ಟ ಮನುಷ್ಯ ಒಂದು ಬ್ರೆಡ್ ಗಾಡಿಯ ಹೆಸರಿಗಾಗಿ ವರ್ಷಗಟ್ಟಲೆ ಹೊಡೆದಾಡಿದ!

ನಗಬೇಡಿ. ನಾನೂ ಅದನ್ನೇ ಮಾಡಿದೆ.

1986ರ ಗಣೇಶನ ಹಬ್ಬ. ಹೊಸ ಬಟ್ಟೆ ಬ್ಯಾನರ್ ಬಂತು. ಆರ್ಕೆಸ್ಟ್ರಾ ಹೆಸರಿನ ಕೆಳಗೆ ಗೆಳೆಯನ ಹೆಸರು ಒಂದೇ! "ನಂದೆಲ್ಲೋ?" ಅಂದೆ. "ಜನ ಬರೋದು ನನ್ನ ಕಂಠಕ್ಕೆ ಕಣಲೇ, ನಿನ್ನ ತಂತಿಗಲ್ಲ" ಅಂದ. ಗಿಟಾರ್ ಡಬ್ಬಿಗೆ ಹಾಕಿ ವೇದಿಕೆ ಇಳಿದೆ. ಮರುವರ್ಷ ಅದೇ ಹೆಸರಿನಲ್ಲಿ ನಾನೂ ಒಂದು ಆರ್ಕೆಸ್ಟ್ರಾ ಕಟ್ಟಿದೆ. ಒಂದು ಊರಿನ ಸಮಿತಿಯವರು ಮುಂಗಡ ಕೊಟ್ಟದ್ದು ಅವನಿಗೆ, ವ್ಯಾನ್ ಇಳಿದದ್ದು ನಾನು! ಅಲ್ಲಿ ಕೈ ಕೈ ಮಿಲಾಯಿಸುವುದೊಂದು ಬಾಕಿ. ಎರಡು ವರ್ಷದಲ್ಲಿ ಇಬ್ಬರನ್ನೂ ಕರೆಯುವವರಿಲ್ಲ. ನಾನು ಎಣ್ಣೆ ಅಂಗಡಿಯಲ್ಲಿ ಲೆಕ್ಕ ಬರೆಯಲು ಕೂತೆ. ಎದುರಿಗೆ ಸಿಕ್ಕರೆ ಇಬ್ಬರೂ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದೆವು.

ಗ್ರಿಫಿನ್ ಮಾತ್ರ ಗಿಟಾರ್ ಬಿಡಲಿಲ್ಲ. ಬ್ಲ್ಯಾಕ್ ಟೈ ಅಂತ ಹೊಸ ತಂಡ ಸೇರಿದ. ತೊಂಬತ್ತರ ದಶಕದ ಶುರುವಿನಲ್ಲಿ ರೆಮಿಂಗ್ಟನ್ಸ್ ತಂಡದ ಜೊತೆ ಹಳ್ಳಿ ಸೊಗಡಿನ ಕಂಟ್ರಿ ಹಾಡು ಹಾಡಿ, ಐವತ್ತರ ಹತ್ತಿರ ಹೊಸ ಗೆಲುವು ಕಂಡ. ಕೊನೆಗೆ 1996ರಲ್ಲಿ ಗೇಟ್ಸ್, ಗ್ರಿಫಿನ್, ಡ್ರಮ್ಸ್‌ನ ಮೈಕ್ ಬಾಟ್ಸ್, ಕೀಬೋರ್ಡಿನ ಲ್ಯಾರಿ ನೆಕ್ಟೆಲ್, ನಾಲ್ವರೂ ಮತ್ತೆ ಒಂದೇ ವೇದಿಕೆ ಏರಿದರು. 1997ರ ತನಕ ದೇಶವಿದೇಶ ಸುತ್ತಿ ಹಾಡಿದರು. ಚೆನ್ನಾಯಿತು, ಅಲ್ಲವೇ? 2005ರ ಜನವರಿ 11ರಂದು ಕ್ಯಾನ್ಸರ್ ಗ್ರಿಫಿನ್‌ನನ್ನು ಒಯ್ದಿತು. ವಯಸ್ಸು 61. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಾಟ್ಸ್ ಹೋದ. 2009ರಲ್ಲಿ ನೆಕ್ಟೆಲ್.

ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಅವರು ಕೂಡದೆಯೇ ಸತ್ತಿದ್ದರೆ? ಬೆಳಿಗ್ಗೆ ಎದ್ದವನೇ ಗೆಳೆಯನ ಮನೆಗೆ ನಡೆದೆ. ಬಾಗಿಲಲ್ಲಿ ಅವನೇ. ತಲೆ ಪೂರ್ತಿ ಬೆಳ್ಳಗೆ. ಒಂದು ಗಳಿಗೆ ನೋಡಿದ.

"ಬಾರಲೇ, ಒಳಗೆ ಬಾ. ಚಹಾ ಕುಡಿಯೋಣ" ಅಂದ. ಅಷ್ಟೇ. ದನಿ ಒಡೆದುಹೋಗಿತ್ತು, ಹಳೆಯ ಕಂಠ ಇರಲಿಲ್ಲ.

ಅಂಗಳದಲ್ಲಿ ಅವನ ಸ್ಕೂಟರ್ ನಿಂತಿತ್ತು. ಮೇಲೆ ಹೊದಿಸಿದ ಬಟ್ಟೆ ಎಲ್ಲೋ ನೋಡಿದಂತಿದೆಯಲ್ಲ ಅಂತ ಹತ್ತಿರ ಹೋದೆ. ಅದೇ ಬ್ಯಾನರ್! ಬಿಸಿಲಿಗೆ ಮಳೆಗೆ ಬಣ್ಣ ಹೋಗಿ, ಆರ್ಕೆಸ್ಟ್ರಾ ಹೆಸರೂ ಇಲ್ಲ, ಅವನ ಹೆಸರೂ ಇಲ್ಲ.

ಒಳಗೆ ಚಹಾ ಕುಡಿಯುತ್ತಾ ಅವನು ಏನೋ ಗುನುಗಿದ. ಕಿವಿ ನಿಮಿರಿತು. ನಾನು ರಾಗ ಹಾಕಿದ ಹಾಡು. ಎರಡನೇ ಚರಣ ನಾನೇ ಮರೆತಿದ್ದೆ, ಅವನಿಗೆ ನೆನಪಿತ್ತು.

ಗೆಳೆಯರೇ, ಮುಂದಿನ ಸಲ ಟಾಕೀಸಿಗೆ ಹೋದಾಗ ಆ ಸಣ್ಣ ಅಕ್ಷರಗಳಿಗೂ ಒಂದು ಶಿಳ್ಳೆ ಹಾಕಿ. ಮತ್ತೆ, ಹೆಸರಿಗಾಗಿ ಮಾತು ಬಿಟ್ಟ ಗೆಳೆಯ ನಿಮಗೂ ಒಬ್ಬ ಇದ್ದರೆ ಇವತ್ತೇ ಹೋಗಿ ಬಾಗಿಲು ತಟ್ಟಿ. ಏನಂತೀರಿ?