ಇಲ್ಲದ ಯಂತ್ರಗಳ ತಳಪಾಯ

ಬಿ.ಎ. ಓದುವವನಿಗೆ ಕಂಪ್ಯೂಟರಿನ ಒಳಗುಟ್ಟು ಏತಕ್ಕೆಂದು ಮಿತ್ರರು ಹಾಸ್ಯ ಮಾಡುವುದುಂಟು. ಹೊಟ್ಟೆಗೆ, ಸ್ವಾಮಿ! ಸಂಜೆಯ ಹೊತ್ತು ಹುಳಿಮಾವಿನ ಒಂದು ಸಣ್ಣ ತರಬೇತಿ ಕೇಂದ್ರದಲ್ಲಿ ನನಗೆ ಕೆಲಸ. ಅಭ್ಯಾಸಿಗಳು ಎಂಟು ಮಂದಿ. ದೊಡ್ಡ ಯಂತ್ರ ಒಂದೇ. ಅದರೊಳಗೆ ಒಬ್ಬೊಬ್ಬರಿಗೂ ಒಂದೊಂದು ವರ್ಚುಯಲ್ ಮೆಷಿನ್. ಎಂದರೆ, ತಗಡು ತಂತಿಗಳಿಲ್ಲದ, ಬರಿಯ ತಂತ್ರಾಂಶದಿಂದಾದ ಕಂಪ್ಯೂಟರು. ಅದರ ಡಿಸ್ಕೆಂಬುದು ನಿಜವಾಗಿ ಒಂದು ಫೈಲು. ಇಮೇಜ್ ಎಂದು ಅದರ ಹೆಸರು.

ಎಂಟು ಮಂದಿಗೂ ಇಡೀ ಇಮೇಜನ್ನು ನಕಲು ಮಾಡಿಕೊಟ್ಟರೆ ಜಾಗ ಸಾಲದು. ಫಾಬ್ರಿಸ್ ಬೆಲ್ಲಾರ್ ಎಂಬ ಫ್ರೆಂಚ್ ಮಹನೀಯರು 2003ರಲ್ಲಿ ಆರಂಭಿಸಿದ ಕ್ಯೂಎಮ್‌ಯು ತಂತ್ರಾಂಶದಲ್ಲಿ ಇದಕ್ಕೆ ಉಪಾಯವಿದೆ. ಮೂಲ ಇಮೇಜು ಒಂದೇ. ಅಭ್ಯಾಸಿ ಬದಲಿಸಿದ ಭಾಗ ಮಾತ್ರ ಬೇರೆ ಫೈಲಿನಲ್ಲಿ. ಬದಲಾಗದ್ದನ್ನು ಮೂಲದಿಂದಲೇ ಓದಿಕೊಳ್ಳುವುದು. ಗ್ರಂಥಸಂಪಾದಕರೂ ಹೀಗೆಯೇ ಮಾಡುತ್ತಾರಲ್ಲವೆ? ಒಂದು ಪಾಠವನ್ನು ಪೂರ್ತಿ ಅಚ್ಚು ಹಾಕಿಸಿ, ಉಳಿದ ಓಲೆಪ್ರತಿಗಳ ಪಾಠಾಂತರಗಳನ್ನಷ್ಟೆ ಪುಟದ ಅಡಿಯಲ್ಲಿ ಕೊಡುತ್ತಾರೆ. ಕನ್ನಡ ಐಚ್ಛಿಕದವರಿಗೆ ಈ ವಿದ್ಯೆ ಸುಲಭವೆಂದು ನನ್ನ ದೃಢವಾದ ನಂಬಿಕೆ.

ಅಪಾಯವೂ ಅಲ್ಲಿಯೇ. ಮೂಲ ಅಳಿದರೆ ಪಾಠಾಂತರಗಳಿಂದ ಕಾವ್ಯ ಹುಟ್ಟೀತೆ? ನಾವು ಬಳಸುವ ವೇಗ್ರಂಟ್‌ನಲ್ಲಿ (ಆ ಇಂಗ್ಲಿಷ್ ಮಾತಿಗೆ ಅಲೆಮಾರಿ ಎಂದರ್ಥ) ಬೇಡದ್ದನ್ನು ತೆಗೆಯುವ ಆಜ್ಞೆಯೇನೋ ಇದೆ. ಆದರೆ ಲಿಬ್‌ವರ್ಟ್ ಜೊತೆಗೂಡಿಸಿ ಬಳಸಿದಾಗ, ಅದರ ಉಗ್ರಾಣದಲ್ಲಿರುವ ಮೂಲ ಇಮೇಜು ಹಾಗೆಯೇ ಉಳಿಯುತ್ತದೆ. ಡಿಸ್ಕು ತುಂಬುತ್ತದೆ. ಕೈಯಿಂದ ಅಳಿಸಹೊರಟರೆ, ಯಾವುದರ ಮೇಲೆ ಯಾರ ಆರು ವಾರದ ಕೆಲಸ ನಿಂತಿದೆಯೋ ಹೆಸರು ನೋಡಿ ತಿಳಿಯದು.

ಅದಕ್ಕೆಂದು ವೇಗ್ರಂಟ್‌ಗೆ ಒಂದು ಪ್ಲಗಿನ್ ಬರೆದೆ. ರೂಬಿ ಭಾಷೆಯಲ್ಲಿ ನೂರು ಚಿಲ್ಲರೆ ಸಾಲು. ಆಜ್ಞೆಯನ್ನು ಟೈಪು ಮಾಡಿದೊಡನೆ ಅದು ಪ್ರತಿಯೊಂದು ಫೈಲನ್ನೂ 'ನೀನು ಯಾರ ಮೇಲೆ ನಿಂತಿದ್ದೀಯೆ' ಎಂದು ವಿಚಾರಿಸಿ, ಮೇಲೆ ಯಾರೂ ಇಲ್ಲದ ಮೂಲಗಳನ್ನು ಮಾತ್ರ ಪಟ್ಟಿ ಮಾಡುತ್ತದೆ. ಒಂದು ತೊಡಕಿತ್ತು. ಓಡುತ್ತಿರುವ ಯಂತ್ರದ ಫೈಲಿಗೆ ಬೀಗ ಬಿದ್ದಿರುತ್ತದೆ. ಸುಮ್ಮನೆ ವಿಚಾರಿಸಿದರೆ ಉತ್ತರ ಬಾರದು. ಉತ್ತರವಿಲ್ಲವೆಂದರೆ ಯಾರೂ ಇಲ್ಲವೆಂದು ಅರ್ಥವಲ್ಲ. ಒಂದೇ ಒಂದು ಫೈಲು ಮೌನವಾಗಿದ್ದರೂ ಏನನ್ನೂ ಅಳಿಸದೆ ನಿಲ್ಲು ಎಂಬ ನಾಲ್ಕು ಸಾಲಿಗೆ ಎರಡು ರಾತ್ರಿ ಹಿಡಿಯಿತು.

ಆ ರಾತ್ರಿಗಳಲ್ಲೊಮ್ಮೆ ನಮ್ಮ ತಂದೆ ಏನು ಬರೆಯುತ್ತಿದ್ದೀಯೆಂದು ಕೇಳಿದರು. ಅವರದು ಗಾರೆ ಕೆಲಸ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 2019ರ ನವೆಂಬರಿನಲ್ಲಿ ಹುಳಿಮಾವು ಕೆರೆಯ ಏರಿ ಒಡೆದು ಮನೆಗಳಿಗೆ ನೀರು ನುಗ್ಗಿದಾಗ ಕೆಸರು ಬಳಿದವರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಅಂದ್ರೆ ತಳಪಾಯ ಒಂದೇ, ಮೇಲೆ ಎಂಟು ಮನೆ. ಅಗೆಯೋಕ್ ಮುಂಚೆ ಮೇಲೆ ಯಾರವ್ರೆ ಅಂತ ಕೂಗಿ ಕೇಳ್ಬೇಕು. ಅಷ್ಟೇ ತಾನೆ ಮಗ?" ಎಂದರು. ಅಷ್ಟೇ. ಪ್ಲಗಿನ್ನಿಗೆ ಇಟ್ಟಿದ್ದ ಇಂಗ್ಲಿಷ್ ಹೆಸರನ್ನು ತೆಗೆದು 'ತಳ' ಎಂದಿಟ್ಟೆ.

ಮೊದಲ ದಿನ ಅದು ಹದಿಮೂರು ಮೂಲಗಳಲ್ಲಿ ಒಂಬತ್ತು ಬರಿದೆಂದು ತೋರಿಸಿತು. ಆದರೂ ಅಳಿಸುವ ಮುನ್ನ ಕೋಣೆಯಲ್ಲಿದ್ದ ಎಂಟು ಮಂದಿಯನ್ನೂ ಕೂಗಿ ಕೇಳಿದೆ. ಏಳು ಮಂದಿ ತಲೆಯಾಡಿಸಿದರು. ಒಬ್ಬಳು ಮಾತ್ರ "ಒಂದ್ನಿಮಿಷ ತಡಿ, ಸೇವ್ ಮಾಡ್ಕೋತೀನಿ" ಎಂದಳು. ತಡೆದೆ.