ಅಜ್ಜಿಯ ಕಣ್ಣಿಗೆ ಯಾವ ಬೆಳಕು?



ನಮ್ಮ ಅಜ್ಜಿಗೆ ಎಪ್ಪತ್ತು ದಾಟಿದೆ. ಕೌದಿ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಹೊದಿಸುವುದು ಅವಳ ಕೌದಿಯನ್ನೇ. ಆದರೆ ಈಗೀಗ ಸಂಜೆ ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಕಣ್ಣು ಉರಿ, ನೀರು, ತಲೆಶೂಲಿ. "ಸೂಜಿ ಕಣ್ಣು ಸಣ್ಣದಾಗೇತೋ, ನನ್ನ ಕಣ್ಣು ಮಬ್ಬಾಗ್ಯಾವೋ" ಎಂದು ನಗುತ್ತಾಳೆ. ದಾರ ಪೋಣಿಸುವ ಕೆಲಸ ನನ್ನದು.

ದೀಪಾವಳಿಗೆ ಬಂದಿದ್ದ ಕಾಕಾ ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದರು. ಕೆಂಪು ದೀಪವನ್ನು ದಿನಾ ಮೂರು ನಿಮಿಷ ನೋಡಿದರೆ ಕಣ್ಣಿನ ದಣಿವು ಹೋಗುತ್ತದಂತೆ, ಪೊರೆಯೂ ಕರಗುತ್ತದಂತೆ! ಅಜ್ಜಿ ಪಿಂಚಣಿ ರೊಕ್ಕದ ಗಂಟು ಬಿಚ್ಚಿಯೇಬಿಟ್ಟಳು. ಆಪರೇಷನ್ ಎಂದರೆ ಅವಳಿಗೆ ಎದೆ ಝಲ್ ಎನ್ನುತ್ತದೆ. ದೀಪಕ್ಕೆ ಅಂಜಿಕೆ ಯಾಕೆ?

ನಾನು ನಮ್ಮ ವಿಜ್ಞಾನದ ಸರ್ ಅವರನ್ನು ಕೇಳಿದೆ. "ಪೂರಾ ಸುಳ್ಳೂ ಅಲ್ಲ, ಪೂರಾ ಖರೇನೂ ಅಲ್ಲ" ಎಂದು ವಿವರಿಸಿದರು. ನಮ್ಮ ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಇವೆಯಲ್ಲ, ಅವು ಕಣ್ಣಿನ ಅಕ್ಷಿಪಟಲದಲ್ಲಿ ಬಹಳ. ವಯಸ್ಸಾದಂತೆ ಅವು ಸೋಲುತ್ತವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ಲೆನ್ ಜೆಫ್ರಿ ಎಂಬ ವಿಜ್ಞಾನಿ 670 ನ್ಯಾನೋಮೀಟರಿನ ಕಡುಗೆಂಪು ಬೆಳಕಿನಿಂದ ಪ್ರಯೋಗ ಮಾಡಿದರು. 2020ರಲ್ಲಿ 24 ಜನರ ಮೇಲೆ, 2021ರಲ್ಲಿ 20 ಜನರ ಮೇಲೆ. ಎರಡನೆಯ ಪ್ರಯೋಗದಲ್ಲಿ ಬೆಳಿಗ್ಗೆ ಒಂದೇ ಸಲ ಮೂರು ನಿಮಿಷ ನೋಡಿದವರಿಗೆ ಬಣ್ಣ ಗುರುತಿಸುವ ಶಕ್ತಿ ಸರಾಸರಿ ಶೇಕಡಾ 17ರಷ್ಟು ಹೆಚ್ಚಿತು. ಮಧ್ಯಾಹ್ನ ನೋಡಿದರೆ ಆ ಗುಣ ಸಿಗಲಿಲ್ಲ.

ಇಲ್ಲೇ ಗಮನಿಸಬೇಕು. ಸುಧಾರಿಸಿದ್ದು ಬಣ್ಣ ಗುರುತಿಸುವ ಶಕ್ತಿ. ಕಣ್ಣಿನ ಉರಿ ಹೋಯಿತೆಂದಾಗಲಿ, ಪೊರೆ ಕರಗಿತೆಂದಾಗಲಿ ಆ ಪ್ರಯೋಗಗಳು ಹೇಳಿಲ್ಲ. ಜನರೂ ಸ್ವಲ್ಪೇ. ಪೊರೆ ಎಂದರೆ ಕಣ್ಣೊಳಗಿನ ಮಸೂರವೇ ಮಬ್ಬಾಗುವುದು. ಅದನ್ನು ಯಾವ ದೀಪವೂ ಕರಗಿಸುವುದಿಲ್ಲ, ಆಪರೇಷನ್ನಿನಲ್ಲಿ ತೆಗೆದು ಬೇರೆ ಮಸೂರ ಕೂಡಿಸಬೇಕು. ಯಾವುದೋ ಕೆಂಪು ಬ್ಯಾಟರಿಯನ್ನೋ ಲೇಸರನ್ನೋ ದಿಟ್ಟಿಸಿದರೆ ಇದ್ದ ಕಣ್ಣಿಗೂ ಕುತ್ತು.

ಹಾಗಾದರೆ ಬೆಳಕಿನಿಂದ ಉಪಯೋಗವೇ ಇಲ್ಲವೇ? ಇದೆ! ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ, ಮಸೂರ ಹಳದಿಯಾಗುತ್ತದೆ. ಇಪ್ಪತ್ತರವರ ಕಣ್ಣೊಳಗೆ ಹೋಗುವ ಬೆಳಕಿನ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಅರವತ್ತರವರ ಅಕ್ಷಿಪಟಲ ಮುಟ್ಟುತ್ತದೆ. ಅಂದರೆ ನಮಗೆ ಸಾಕಾಗುವ ಬಲ್ಬು ಅಜ್ಜಿಗೆ ಮಬ್ಬುಗತ್ತಲೆಯೇ ಸರಿ. ಆದ್ದರಿಂದ ನಾವು ಅವಳ ಚಾಪೆಯನ್ನು ಕಿಟಕಿಯ ಹತ್ತಿರ ಹಾಕಿದೆವು. ಸಂಜೆಗೆ ಎಡಹೆಗಲ ಹಿಂದಿನಿಂದ ಬೆಳಕು ಬೀಳುವಂತೆ ಒಂದು ಎಲ್‌ಇಡಿ ಬಲ್ಬು ಕಟ್ಟಿದೆವು. ಕಣ್ಣಿಗೆ ನೇರ ಹೊಡೆಯದಂತೆ ರಟ್ಟಿನ ಮರೆ ಮಾಡಿದೆವು. ಕರಿ ಬಟ್ಟೆಗೆ ಕರಿ ದಾರದ ಹೊಲಿಗೆ ಹಗಲು ಹೊತ್ತಿನಲ್ಲೇ. ನಡುನಡುವೆ ಕಣ್ಣು ಪಿಳುಕಿಸಿ ದೂರದ ಬೇವಿನ ಗಿಡ ನೋಡುವುದು. ಉರಿ, ತಲೆಶೂಲಿ ಎಷ್ಟೋ ಇಳಿದವು.

ಮಬ್ಬು ಮಾತ್ರ ಹೋಗಲಿಲ್ಲ. ಆಶಾ ಅಕ್ಕನ ಜೊತೆ ತಾಲೂಕು ಆಸ್ಪತ್ರೆಗೆ ಹೋದೆವು. ಬಲಗಣ್ಣಿನಲ್ಲಿ ಪೊರೆ ಬಂದಿದೆ, ಆಪರೇಷನ್ ಆಗಲೇಬೇಕು ಎಂದರು. ಅಜ್ಜಿ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮೂರನೆಯ ದಿನ ತಾನೇ ನೆನಪು ಮಾಡಿಕೊಂಡಳು. ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರು ತಿರುಗಿ ಶಿಬಿರ ಹಾಕಿ ಬಡವರ ಕಣ್ಣು ತೆರೆಸಿದವರು, 2005ರಲ್ಲಿ ತೀರಿಕೊಂಡರು. ಅಜ್ಜಿಯ ಅಪ್ಪನಿಗೆ ಅಂಥದೇ ಒಂದು ಶಿಬಿರದಲ್ಲಿ ಕಣ್ಣು ಬಂದಿತ್ತಂತೆ. "ಅವರ ಮಗಳಾಗಿ ನಾ ಅಂಜಿದರ ಹೆಂಗ?" ಎಂದಳು.

ಮುಂದಿನ ತಿಂಗಳು ಆಪರೇಷನ್. ಪಿಂಚಣಿ ಗಂಟು ಹಾಗೇ ಇದೆ. ಅದರಲ್ಲಿ ನನಗೊಂದು ಲಂಗ ತರುತ್ತಾಳಂತೆ, ಬಣ್ಣ ಮಾತ್ರ ತಾನೇ ನೋಡಿ ಆರಿಸುವಳಂತೆ.

ಗೆಳೆಯರೇ, ಇವತ್ತು ಸಂಜೆ ನಿಮ್ಮ ಮನೆಯ ಅಜ್ಜ ಅಜ್ಜಿ ಕೂಡುವ ಜಾಗದಲ್ಲಿ ಬೆಳಕು ಎಷ್ಟಿದೆ, ಒಮ್ಮೆ ನೋಡಿರಿ. ಮಬ್ಬು ಎಂದರೆ ಆಸ್ಪತ್ರೆಗೆ ಕರೆದೊಯ್ಯಿರಿ.

— 9ನೇ ತರಗತಿಯ ವಿದ್ಯಾರ್ಥಿನಿ